ಅಧಿಕಾರಕ್ಕೊಂದು ಅಂಕೆ

1787ರ ಸೆಪ್ಟೆಂಬರ್ 17ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಸಭಾಭವನವೊಂದರಲ್ಲಿ ಒಂದು ದಾಖಲೆಗೆ 39 ಮಂದಿ ಪ್ರತಿನಿಧಿಗಳ ಸಹಿ ಬಿತ್ತು. ಇಂದಿಗೂ ಜಾರಿಯಲ್ಲಿರುವ ಲಿಖಿತ ಸಂವಿಧಾನಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರಿದ ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನವೇ ಆ ದಾಖಲೆ. ಆ 39 ಸಹಿಗಳಲ್ಲಿ ಎರಡು ಕಥೋಲಿಕರವು. ಒಬ್ಬರು ಮೇರಿಲ್ಯಾಂಡಿನ ಡೇನಿಯಲ್ ಕ್ಯಾರಲ್. ಇನ್ನೊಬ್ಬರು ಪೆನ್ಸಿಲ್ವೇನಿಯಾದ ಥಾಮಸ್ ಫಿಟ್ಸ್‌ಸೈಮನ್ಸ್.

ಇದರಲ್ಲೇನು ವಿಶೇಷ ಎಂದು ಓದುಗರು ಕೇಳಬಹುದು. ಮೇರಿಲ್ಯಾಂಡ್ 1634ರಲ್ಲಿ ಕಥೋಲಿಕ ಕುಲೀನ ಮನೆತನವೊಂದು ನೆಲೆಗೊಳಿಸಿದ ವಸಾಹತು. ಆದರೆ ಮುಂದೆ ಅಧಿಕಾರ ಕೈ ಬದಲಾದಾಗ ಅದೇ ನೆಲದಲ್ಲಿ ಕಥೋಲಿಕರು ಪರಕೀಯರಾದರು. ಬಹಿರಂಗ ಬಲಿಪೂಜೆಗೆ ನಿಷೇಧ ಬಂತು, ಮತದಾನದ ಹಕ್ಕು ಹೋಯಿತು, ಸರ್ಕಾರಿ ಹುದ್ದೆಯ ಬಾಗಿಲು ಮುಚ್ಚಿತು. 1776ರ ಸ್ವಾತಂತ್ರ್ಯ ಸಮರದ ಹೊತ್ತಿಗಷ್ಟೇ ಈ ನಿರ್ಬಂಧಗಳು ಸಡಿಲಗೊಂಡವು. ಅಂದಿನ ಅಮೆರಿಕದಲ್ಲಿ ಕಥೋಲಿಕರ ಸಂಖ್ಯೆ ನೂರಕ್ಕೊಬ್ಬರೆಂಬಷ್ಟು ಮಾತ್ರ. ಅಂಥ ಸಮುದಾಯದ ಇಬ್ಬರು ಸಹಿ ಹಾಕಿದ ಆ ಸಂವಿಧಾನದ ಆರನೆಯ ವಿಧಿಯಲ್ಲಿ, ಒಕ್ಕೂಟ ಸರ್ಕಾರದ ಯಾವ ಹುದ್ದೆಗೂ ಧರ್ಮದ ಪರೀಕ್ಷೆಯನ್ನು ಅರ್ಹತೆಯಾಗಿ ಒಡ್ಡಕೂಡದು ಎಂಬ ನಿಯಮವಿತ್ತು.

ತುಚ್ಛೀಕರಿಸಲ್ಪಟ್ಟಿದ್ದ ಒಂದು ಸಣ್ಣ ಸಮುದಾಯವು ನೆಚ್ಚಿಕೊಳ್ಳಬಹುದಾದ ಆ ಆಡಳಿತ ವ್ಯವಸ್ಥೆಯ ಮೂಲತತ್ವಗಳು ಯಾವುವು? ಆ ತತ್ವಗಳನ್ನು ಅಲ್ಲಿನ ಜನ, ಅವರಲ್ಲಿ ನಮ್ಮವರೂ ಸೇರಿದಂತೆ, ಎಷ್ಟರಮಟ್ಟಿಗೆ ಉಳಿಸಿಕೊಂಡರು? ಈ ಎರಡು ಪ್ರಶ್ನೆಗಳನ್ನು ಜೊತೆಯಲ್ಲಿಟ್ಟುಕೊಂಡು ಆ ಇತಿಹಾಸವನ್ನು ನೋಡುವುದು ಈ ಲೇಖನದ ಉದ್ದೇಶ.

ಎರಡು ಭಯಗಳ ನಡುವೆ

ಬ್ರಿಟನ್ನಿನ ಅರಸನ ಆಳ್ವಿಕೆಯನ್ನು ಧಿಕ್ಕರಿಸಿ ಹೊರಬಂದ ಹದಿಮೂರು ರಾಜ್ಯಗಳು 1781ರಲ್ಲಿ ಒಂದು ಸಡಿಲ ಒಕ್ಕೂಟವನ್ನು ಜಾರಿಗೆ ತಂದುಕೊಂಡವು. ದೂರದ ಅರಮನೆಯೊಂದರ ದರ್ಪದಿಂದ ನೊಂದಿದ್ದ ಅವರು ತಮ್ಮದೇ ಕೇಂದ್ರ ಸರ್ಕಾರಕ್ಕೂ ಬಲ ಕೊಡಲು ಹೆದರಿದರು. ಆ ಸರ್ಕಾರಕ್ಕೆ ನೇರವಾಗಿ ತೆರಿಗೆ ವಿಧಿಸುವ ಅಧಿಕಾರವಿರಲಿಲ್ಲ. ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರವಿರಲಿಲ್ಲ. ಯುದ್ಧಕಾಲದ ಸಾಲ ತೀರಿಸುವ ದಾರಿಯಿರಲಿಲ್ಲ. 1786ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಾಲ ಮತ್ತು ತೆರಿಗೆಯ ಹೊರೆಯಿಂದ ಬಸವಳಿದ ರೈತರು, ಮಾಜಿ ಸೈನಿಕ ಡೇನಿಯಲ್ ಶೇಸ್ ಮುಂತಾದವರ ಮುಂದಾಳತ್ವದಲ್ಲಿ ದಂಗೆಯೆದ್ದು ನ್ಯಾಯಾಲಯಗಳನ್ನು ಮುಚ್ಚಿಸಿದಾಗ ಕೇಂದ್ರ ಸರ್ಕಾರ ಕೈಕಟ್ಟಿ ಕುಳಿತಿತು. ಅತಿಯಾದ ಅಧಿಕಾರ ಎಷ್ಟು ಅಪಾಯಕಾರಿಯೋ ಅಧಿಕಾರದ ಅಭಾವವೂ ಅಷ್ಟೇ ಅಪಾಯಕಾರಿ ಎಂಬುದು ಆಗ ಮನವರಿಕೆಯಾಯಿತು.

ಈ ಎರಡು ಭಯಗಳನ್ನು ಹೊತ್ತು 1787ರ ಮೇ ತಿಂಗಳಿನಿಂದ ಫಿಲಡೆಲ್ಫಿಯಾದಲ್ಲಿ ಸಭೆ ಸೇರಿತು. ಹನ್ನೆರಡು ರಾಜ್ಯಗಳಿಂದ ಒಟ್ಟು 55 ಮಂದಿ ಪಾಲ್ಗೊಂಡರು. ರೋಡ್ ಐಲೆಂಡ್ ಯಾರನ್ನೂ ಕಳುಹಿಸಲಿಲ್ಲ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷತೆ ವಹಿಸಿದರು. ಚರ್ಚೆಗಳು ಗೋಪ್ಯವಾಗಿ ನಡೆದವು. ದೊಡ್ಡ ರಾಜ್ಯಗಳು ಮತ್ತು ಸಣ್ಣ ರಾಜ್ಯಗಳ ನಡುವಿನ ಹಗ್ಗಜಗ್ಗಾಟದಲ್ಲಿ ಸಭೆ ಮುರಿದು ಬೀಳುವ ಹಂತಕ್ಕೆ ಬಂದಾಗ, ಜೂನ್ 28ರಂದು, 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಎದ್ದುನಿಂತು, ಪ್ರತಿದಿನದ ಕಲಾಪವನ್ನು ಪ್ರಾರ್ಥನೆಯೊಂದಿಗೆ ಆರಂಭಿಸೋಣ ಎಂದು ಸೂಚಿಸಿದರು. ಸಭೆ ಅದನ್ನು ಅಂಗೀಕರಿಸಲಿಲ್ಲ. ಪ್ರಾರ್ಥನೆಯಿಲ್ಲದೆಯೇ ಮುಂದುವರಿದ ಆ ಸಭೆಯ ಕೃತಿಯಲ್ಲಿ ಮನುಷ್ಯನ ಕುರಿತಾದ ಒಂದು ಹಳೆಯ ಬೈಬಲ್ ಸತ್ಯ ಹುದುಗಿರುವುದು ಸೋಜಿಗದ ಸಂಗತಿ.

ಮನುಷ್ಯ ದೇವದೂತನಲ್ಲ

ಈ ಸಂವಿಧಾನದ ಪ್ರಮುಖ ಶಿಲ್ಪಿ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್. ಇಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವೆಂದು ಹೆಸರಾಗಿರುವ ಕಾಲೇಜಿನಲ್ಲಿ ಪ್ರೆಸ್ಬಿಟೇರಿಯನ್ ಸಭಾಪಾಲಕ ಜಾನ್ ವಿದರ್‌ಸ್ಪೂನ್ ಅವರ ಬಳಿ ಕಲಿತವರು. ಮನುಷ್ಯನ ಪಾಪಸ್ವಭಾವದ ಬೋಧನೆ ಅವರ ಕಿವಿಗೆ ಹೊಸತಾಗಿರಲಿಲ್ಲ. 1788ರಲ್ಲಿ ಸಂವಿಧಾನದ ಪರವಾಗಿ ಅವರು ಪತ್ರಿಕೆಗಳಲ್ಲಿ ಬರೆದ ಲೇಖನವೊಂದರ ಸಾರ ಹೀಗಿದೆ: ಮನುಷ್ಯರು ದೇವದೂತರಾಗಿದ್ದರೆ ಸರ್ಕಾರವೇ ಬೇಕಾಗುತ್ತಿರಲಿಲ್ಲ, ಆಳುವವರು ದೇವದೂತರಾಗಿದ್ದರೆ ಆ ಸರ್ಕಾರಕ್ಕೆ ಅಂಕೆ ಬೇಕಾಗುತ್ತಿರಲಿಲ್ಲ, ಆಳುವವನೂ ಆಳಿಸಿಕೊಳ್ಳುವವನೂ ಮನುಷ್ಯನೇ ಆದ್ದರಿಂದ ಸರ್ಕಾರಕ್ಕೆ ಜನರನ್ನು ನಿಯಂತ್ರಿಸುವ ಶಕ್ತಿಯೂ ಬೇಕು, ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುವ ಕಟ್ಟುಪಾಡೂ ಬೇಕು.

ನಾವು ಜನ್ಮಪಾಪವೆಂದು ಕರೆಯುವ ಸತ್ಯವನ್ನು ಇಲ್ಲಿ ರಾಜ್ಯಶಾಸ್ತ್ರದ ಭಾಷೆಯಲ್ಲಿ ಕೇಳುತ್ತೇವೆ. ಇಸ್ರಯೇಲರು ತಮಗೊಬ್ಬ ಅರಸ ಬೇಕೆಂದು ಹಟ ಹಿಡಿದಾಗ ಪ್ರವಾದಿ ಸಮುವೇಲನು, ಆ ಅರಸ ನಿಮ್ಮ ಮಕ್ಕಳನ್ನು, ಹೊಲಗಳನ್ನು, ಹಿಂಡುಗಳನ್ನು ತನ್ನದಾಗಿಸಿಕೊಳ್ಳುವನು ಎಂದು ಎಚ್ಚರಿಸಿದನು. ಧರ್ಮೋಪದೇಶಕಾಂಡವಂತೂ, ಅರಸನಾದವನು ಧರ್ಮಶಾಸ್ತ್ರದ ಪ್ರತಿಯೊಂದನ್ನು ತನಗಾಗಿ ಬರೆದಿಟ್ಟುಕೊಂಡು ದಿನವೂ ಓದಬೇಕು, ತನ್ನ ಸಹೋದರರಿಗಿಂತ ತಾನು ಮೇಲೆಂದು ಉಬ್ಬಬಾರದು ಎಂದು ವಿಧಿಸುತ್ತದೆ. ದಾವೀದನು ಊರೀಯನನ್ನು ಕೊಲ್ಲಿಸಿ ಅವನ ಪತ್ನಿಯನ್ನು ತನ್ನವಳನ್ನಾಗಿ ಮಾಡಿಕೊಂಡಾಗ ಅವನೆದುರು ನಿಂತು ತಪ್ಪನ್ನು ಎತ್ತಿ ತೋರಲು ನಾತಾನನೊಬ್ಬನಿದ್ದನು. ಅರಸನಿಗಿಂತ ಕಟ್ಟಳೆ ದೊಡ್ಡದು ಎಂಬ ಭಾವನೆ ಬೈಬಲಿಗೆ ಹೊಸದಲ್ಲ. ಆದರೆ ಪ್ರತಿ ಅರಮನೆಯಲ್ಲೂ ನಾತಾನನೊಬ್ಬ ಇದ್ದೇ ಇರುತ್ತಾನೆಂಬ ಭರವಸೆಯಿಲ್ಲ. ನಾತಾನನ ಕೆಲಸವನ್ನು ಒಬ್ಬ ವ್ಯಕ್ತಿಯ ಧೈರ್ಯಕ್ಕೆ ಬಿಡದೆ ಆಡಳಿತದ ರಚನೆಯೊಳಗೇ ಹೆಣೆದಿಡಲು ಯತ್ನಿಸಿದ್ದು ಫಿಲಡೆಲ್ಫಿಯಾದ ಸಭೆಯ ಸಾಧನೆ.

ಅಂಕೆಯ ಐದು ಬಗೆಗಳು

ಆ ರಚನೆಯ ಮೊದಲ ತತ್ವ ಜನರ ಪರಮಾಧಿಕಾರ. ಸಂವಿಧಾನದ ಪೀಠಿಕೆ ಮಾತನಾಡುವುದು ಅರಸನ ಹೆಸರಿನಲ್ಲಲ್ಲ, ರಾಜ್ಯಗಳ ಹೆಸರಿನಲ್ಲೂ ಅಲ್ಲ, ಜನರ ಹೆಸರಿನಲ್ಲಿ. ಕರಡನ್ನು ಪ್ರತಿ ರಾಜ್ಯದಲ್ಲೂ ಜನರು ಆರಿಸಿದ ವಿಶೇಷ ಸಭೆಗಳ ಮುಂದಿಡಲಾಯಿತು. ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕಿತ್ತು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಗಿ ಒಪ್ಪಿತು.

ಎರಡನೆಯದು ಸೀಮಿತ ಸರ್ಕಾರ. ಸರ್ಕಾರಕ್ಕೆ ಬರೆದುಕೊಟ್ಟ ಅಧಿಕಾರವಷ್ಟೇ ಅದರದು. ಉಳಿದದ್ದು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದೆಂದು ಹತ್ತನೆಯ ತಿದ್ದುಪಡಿ ಹೇಳುತ್ತದೆ. ಸರ್ಕಾರವು ಹಕ್ಕುಗಳನ್ನು ದಾನ ಮಾಡುವುದಿಲ್ಲ. ಮೊದಲೇ ಮನುಷ್ಯನಿಗೆ ಸೇರಿದ ಹಕ್ಕುಗಳನ್ನು ಕಾಯುವುದಷ್ಟೇ ಅದರ ಹೊಣೆ ಎಂಬುದು ಇದರ ಹಿಂದಿನ ಭಾವನೆ.

ಮೂರನೆಯದು ಅಧಿಕಾರ ವಿಭಜನೆ. ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ 1748ರಲ್ಲಿ ಪ್ರತಿಪಾದಿಸಿದ್ದ ಈ ವಿಚಾರ ಇಲ್ಲಿ ಮೂರ್ತರೂಪ ಪಡೆಯಿತು. ಕಾಯಿದೆ ಮಾಡುವುದು ಕಾಂಗ್ರೆಸ್ ಎಂದು ಕರೆಯಲಾಗುವ ಶಾಸಕಾಂಗ. ಅದನ್ನು ಜಾರಿಗೊಳಿಸುವವರು ಅಧ್ಯಕ್ಷರು. ಅದರ ಅರ್ಥವನ್ನು ನಿರ್ಣಯಿಸುವುದು ನ್ಯಾಯಾಂಗ. ಅಷ್ಟಕ್ಕೇ ನಿಲ್ಲಿಸದೆ ಪ್ರತಿಯೊಂದು ಅಂಗದ ಕೈಯಲ್ಲೂ ಉಳಿದ ಅಂಗಗಳನ್ನು ತಡೆಯುವ ಒಂದೊಂದು ಸಾಧನವನ್ನಿಟ್ಟರು. ಕಾಂಗ್ರೆಸ್ ಒಪ್ಪಿದ ಮಸೂದೆಯನ್ನು ಅಧ್ಯಕ್ಷರು ತಿರಸ್ಕರಿಸಬಹುದು. ಆ ತಿರಸ್ಕಾರವನ್ನು ಎರಡೂ ಸದನಗಳು ಮೂರನೆಯ ಎರಡು ಬಹುಮತದಿಂದ ಮೀರಬಹುದು. ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಿದರೂ ಸೆನೆಟ್ ಒಪ್ಪಬೇಕು. ಅಧ್ಯಕ್ಷರೇ ತಪ್ಪಿ ನಡೆದರೆ ಪ್ರತಿನಿಧಿ ಸಭೆ ಮಹಾಭಿಯೋಗ ಹೂಡಬಹುದು, ಸೆನೆಟ್ ವಿಚಾರಣೆ ನಡೆಸಿ ಪದಚ್ಯುತಗೊಳಿಸಬಹುದು. ಪ್ರತಿನಿಧಿಗಳ ಅವಧಿ ಎರಡು ವರ್ಷ, ಅಧ್ಯಕ್ಷರದು ನಾಲ್ಕು, ಸೆನೆಟರುಗಳದು ಆರು. ಒಕ್ಕೂಟದ ನ್ಯಾಯಾಧೀಶರು ಸನ್ನಡತೆಯಿರುವವರೆಗೆ, ಅಂದರೆ ಜೀವನಪರ್ಯಂತ. ಒಂದು ಚುನಾವಣೆಯ ಆವೇಶದಲ್ಲಿ ಇಡೀ ಸರ್ಕಾರ ಒಂದೇ ಕೈಗೆ ಹೋಗದಿರಲೆಂದು ಇಷ್ಟೆಲ್ಲ ಏರ್ಪಾಡು.

ನಾಲ್ಕನೆಯದು ಒಕ್ಕೂಟ ವ್ಯವಸ್ಥೆ. ಜನಸಂಖ್ಯೆಗೆ ಅನುಗುಣವಾದ ಪ್ರತಿನಿಧಿ ಸಭೆಯ ಪಕ್ಕದಲ್ಲೇ, ದೊಡ್ಡದಿರಲಿ ಚಿಕ್ಕದಿರಲಿ ರಾಜ್ಯಕ್ಕೆ ಇಬ್ಬರಂತೆ ಸದಸ್ಯರಿರುವ ಸೆನೆಟ್ ಅನ್ನು ಇಟ್ಟರು. ಇಂದು 50 ರಾಜ್ಯಗಳಿಂದ 100 ಸೆನೆಟರುಗಳಿದ್ದಾರೆ. ಕಿರಿಯ ಹಂತದ ಸಮುದಾಯ ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ಮೇಲಿನವರು ಕಸಿದುಕೊಳ್ಳಬಾರದು ಎಂದು ಧರ್ಮಸಭೆಯ ಸಾಮಾಜಿಕ ಬೋಧನೆ ಹೇಳುವುದನ್ನು ಬಲ್ಲವರಿಗೆ ಈ ತತ್ವ ಅಪರಿಚಿತವೆನಿಸದು.

ಐದನೆಯದು ನ್ಯಾಯಾಂಗದ ಪರಿಶೀಲನಾಧಿಕಾರ. ಸಂವಿಧಾನದಲ್ಲಿ ಇದನ್ನು ಸ್ಪಷ್ಟ ಶಬ್ದಗಳಲ್ಲಿ ಬರೆದಿಲ್ಲ. 1803ರಲ್ಲಿ ಮಾರ್ಬರಿ ಪ್ರಕರಣದ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಸಂವಿಧಾನಕ್ಕೆ ವಿರುದ್ಧವಾದ ಕಾಯಿದೆ ಕಾಯಿದೆಯೇ ಅಲ್ಲವೆಂದೂ, ಹಾಗೆ ಸಾರುವುದು ನ್ಯಾಯಾಲಯದ ಕರ್ತವ್ಯವೆಂದೂ ಸ್ಥಾಪಿಸಿದರು. ಇದಕ್ಕೂ ಮೊದಲೇ, 1791ರ ಡಿಸೆಂಬರ್ 15ರಂದು, ಹಕ್ಕುಗಳ ಸನ್ನದು ಎಂದು ಹೆಸರಾದ ಮೊದಲ ಹತ್ತು ತಿದ್ದುಪಡಿಗಳು ಜಾರಿಗೆ ಬಂದಿದ್ದವು. ಅವುಗಳಲ್ಲಿ ಮೊದಲನೆಯದು ಕಾಂಗ್ರೆಸ್ ಯಾವ ಧರ್ಮವನ್ನೂ ಅಧಿಕೃತ ಧರ್ಮವಾಗಿ ಸ್ಥಾಪಿಸದಂತೆ, ಯಾರ ಧರ್ಮಾಚರಣೆಗೂ ಅಡ್ಡಿ ಮಾಡದಂತೆ ತಡೆಯುತ್ತದೆ. ವಾಕ್ಸ್ವಾತಂತ್ರ್ಯ ಮತ್ತು ಪತ್ರಿಕಾ ಸ್ವಾತಂತ್ರ್ಯಗಳನ್ನೂ ಕಾಯುತ್ತದೆ. ಈ ಸನ್ನದನ್ನು ಚರ್ಚಿಸಿದ ಮೊದಲ ಪ್ರತಿನಿಧಿ ಸಭೆಯಲ್ಲಿ ಡೇನಿಯಲ್ ಕ್ಯಾರಲ್ ಸದಸ್ಯರಾಗಿದ್ದು, ಮನಸ್ಸಾಕ್ಷಿಯ ಹಕ್ಕಿನ ಪರವಾಗಿ ಮಾತನಾಡಿದರು. ಅದೇ 1789ರಲ್ಲಿ ಅವರ ತಮ್ಮ ಜಾನ್ ಕ್ಯಾರಲ್ ಬಾಲ್ಟಿಮೋರಿನ, ಅಂದರೆ ಇಡೀ ಅಮೆರಿಕ ಸಂಯುಕ್ತ ಸಂಸ್ಥಾನದ, ಮೊಟ್ಟಮೊದಲ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು.

ಈ ಅಂಕೆಗಳು ಕಾಗದದ ಮೇಲಷ್ಟೇ ಉಳಿದವೆ? 1974ರ ಒಂದು ನಿದರ್ಶನ ಸಾಕು. ವಾಟರ್‌ಗೇಟ್ ಹಗರಣದ ತನಿಖೆಯಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ತಮ್ಮ ಕಚೇರಿಯ ಧ್ವನಿಮುದ್ರಿಕೆಗಳನ್ನು ಒಪ್ಪಿಸಲು ನಿರಾಕರಿಸಿದರು. ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯದ ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದ, ಒಪ್ಪಿಸಲೇಬೇಕು ಎಂದು ತೀರ್ಪಿತ್ತರು. ಅವರಲ್ಲಿ ಮೂವರನ್ನು ನೇಮಿಸಿದವರು ನಿಕ್ಸನ್ ಅವರೇ. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಆ ಮೂವರಲ್ಲೊಬ್ಬರು. ಹದಿನಾರು ದಿನಗಳಲ್ಲಿ ಅಧ್ಯಕ್ಷರು ರಾಜೀನಾಮೆಯಿತ್ತು ಹೊರನಡೆದರು. ಸೇನಾಪಡೆಗಳ ಮಹಾದಂಡನಾಯಕನನ್ನು ಒಂದು ಕಾಗದದ ತೀರ್ಪು ಇಳಿಸಿತು. ಆದರೂ ಈ ವಾದ ಎಂದೆಂದಿಗೂ ಮುಗಿಯಿತೆನ್ನಲಾಗದು. 2024ರ ಜುಲೈ 1ರಂದು ಅದೇ ನ್ಯಾಯಾಲಯ, ಅಧ್ಯಕ್ಷರಾಗಿದ್ದವರ ಅಧಿಕೃತ ಕೃತ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ಗಣನೀಯ ರಕ್ಷಣೆಯಿದೆ ಎಂದು ಆರು ಮತ್ತು ಮೂರರ ಬಹುಮತದಿಂದ ತೀರ್ಮಾನಿಸಿತು. ಅಂಕೆ ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಪ್ರತಿ ಪೀಳಿಗೆಯೂ ಹೊಸದಾಗಿ ಎದುರಿಸಬೇಕಾಗುತ್ತದೆ.

ದೇವಾಲಯ ಸುಟ್ಟ ನಗರ

ಇಂಥ ಸಂವಿಧಾನವಿದ್ದ ಮೇಲೆ ಅಲ್ಲಿನ ಕಥೋಲಿಕರು ನೆಮ್ಮದಿಯಿಂದಿದ್ದಿರಬೇಕೆಂದು ಊಹಿಸುವುದು ಸಹಜ. ವಾಸ್ತವ ಹಾಗಿರಲಿಲ್ಲ. ಮೊದಲನೆಯ ತಿದ್ದುಪಡಿ ಆರಂಭದಲ್ಲಿ ಕೇಂದ್ರ ಸರ್ಕಾರವನ್ನು ಮಾತ್ರ ಕಟ್ಟಿಹಾಕಿತ್ತು. ರಾಜ್ಯಗಳು ತಮಗೆ ತೋಚಿದಂತೆ ನಡೆಯಬಹುದಿತ್ತು. ಮ್ಯಾಸಚೂಸೆಟ್ಸ್ 1833ರವರೆಗೂ ತೆರಿಗೆ ಹಣದಿಂದ ಪ್ರೊಟೆಸ್ಟೆಂಟ್ ಸಭೆಗಳನ್ನು ಪೋಷಿಸಿತು. ನಾರ್ತ್ ಕೆರೋಲಿನಾದ ಸಂವಿಧಾನ 1835ರವರೆಗೂ ಸರ್ಕಾರಿ ಹುದ್ದೆಗಳನ್ನು ಪ್ರೊಟೆಸ್ಟೆಂಟರಿಗೆ ಮೀಸಲಿಟ್ಟಿತ್ತು.

ಐರ್ಲೆಂಡಿನಿಂದ ಬಡ ವಲಸಿಗರು ಹೆಚ್ಚಿದಂತೆ ದ್ವೇಷವೂ ಹೆಚ್ಚಿತು. 1834ರಲ್ಲಿ ಬೋಸ್ಟನ್ ಬಳಿಯ ಚಾರ್ಲ್ಸ್‌ಟೌನಿನಲ್ಲಿ ಉರ್ಸುಲೈನ್ ಕನ್ಯಾಮಠವನ್ನು ಗುಂಪೊಂದು ಸುಟ್ಟುಹಾಕಿತು. ಹತ್ತು ವರ್ಷಗಳ ಬಳಿಕ ಅದೇ ಬೆಂಕಿ ಸಂವಿಧಾನ ಹುಟ್ಟಿದ ಫಿಲಡೆಲ್ಫಿಯಾಕ್ಕೆ ತಗುಲಿತು. ಸಾರ್ವಜನಿಕ ಶಾಲೆಗಳಲ್ಲಿ ಕಥೋಲಿಕ ಮಕ್ಕಳು ತಮ್ಮ ಧರ್ಮಸಭೆಯ ಬೈಬಲನ್ನೇ ಓದಲು ಅನುಮತಿ ಕೊಡಿ ಎಂದು ಧರ್ಮಾಧ್ಯಕ್ಷ ಫ್ರಾನ್ಸಿಸ್ ಕೆನ್ರಿಕ್ ವಿನಂತಿಸಿದ್ದರು. ಬೈಬಲನ್ನೇ ಶಾಲೆಯಿಂದ ಹೊರಹಾಕುವ ಹುನ್ನಾರವಿದೆಂಬ ವದಂತಿ ಹಬ್ಬಿತು. 1844ರ ಮೇ ತಿಂಗಳಲ್ಲಿ ಸಂತ ಮೈಕೇಲರ ದೇವಾಲಯವೂ ಸಂತ ಅಗಸ್ಟೀನರ ದೇವಾಲಯವೂ ಬೂದಿಯಾದವು.

ಮುಂದೇನಾಯಿತು ಎಂಬುದೇ ನಾವು ಗಮನಿಸಬೇಕಾದ ಅಂಶ. ಅಗಸ್ಟೀನಿಯನ್ ಗುರುಗಳು ಕೋಲು ಕತ್ತಿ ಹಿಡಿದು ಹೊರಡಲಿಲ್ಲ. ತಮ್ಮನ್ನು ರಕ್ಷಿಸಲು ತಪ್ಪಿದ ನಗರಾಡಳಿತದ ಮೇಲೆ ದಾವೆ ಹೂಡಿ, ಪರಿಹಾರ ಪಡೆದು, ದೇವಾಲಯವನ್ನು ಮರಳಿ ಕಟ್ಟಿದರು. ಅದೇ ಗುರುಗಳು 1842ರಲ್ಲಿ ಆರಂಭಿಸಿದ್ದ ವಿಲನೋವಾ ಕಾಲೇಜು ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿದೆ. 1977ರಲ್ಲಿ ಅಲ್ಲಿಂದ ಪದವಿ ಪಡೆದು ಅಗಸ್ಟೀನಿಯನ್ ಸಭೆಯನ್ನು ಸೇರಿದ ಯುವಕನೊಬ್ಬ 2025ರ ಮೇ 8ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಆಗಿ ಚುನಾಯಿತರಾದರು.

ಬಹುಮತಕ್ಕೂ ಅಂಕೆಯುಂಟೆಂಬುದು ಇನ್ನೂ ನಿಚ್ಚಳವಾದದ್ದು ಓರೆಗಾನ್ ರಾಜ್ಯದಲ್ಲಿ. 1922ರಲ್ಲಿ ಅಲ್ಲಿನ ಮತದಾರರು ನೇರ ಜನಮತದ ಮೂಲಕ, 8ರಿಂದ 16 ವರ್ಷದ ಮಕ್ಕಳೆಲ್ಲರೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾಯಿದೆಯನ್ನು ಒಪ್ಪಿದರು. ಕಥೋಲಿಕ ಶಾಲೆಗಳನ್ನು ಮುಚ್ಚಿಸುವುದು ಅದರ ಗುರಿಯಾಗಿತ್ತು. ಕು ಕ್ಲಕ್ಸ್ ಕ್ಲಾನ್ ಅದರ ಬೆನ್ನಿಗಿತ್ತು. ಯೇಸು ಮರಿಯರ ಪವಿತ್ರ ನಾಮಗಳ ಸಭೆಗೆ ಸೇರಿದ ಧರ್ಮಭಗಿನಿಯರು ನ್ಯಾಯಾಲಯದ ಮೆಟ್ಟಿಲೇರಿದರು. 1925ರ ಜೂನ್ 1ರಂದು ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಆ ಕಾಯಿದೆಯನ್ನು ತಳ್ಳಿಹಾಕಿತು. ಮಗು ಸರ್ಕಾರದ ಸೃಷ್ಟಿಯಲ್ಲ, ಅದನ್ನು ಬೆಳೆಸುವ ಹೊಣೆ ಹೊತ್ತವರಿಗೆ ಅದರ ಶಿಕ್ಷಣವನ್ನು ನಿರ್ಧರಿಸುವ ಹಕ್ಕೂ ಉಂಟು ಎಂಬುದು ತೀರ್ಪಿನ ತಿರುಳು. 1929ರಲ್ಲಿ ಕ್ರೈಸ್ತ ಶಿಕ್ಷಣವನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್ ಈ ತೀರ್ಪನ್ನು ಸ್ಮರಿಸಿದರು. ಜನಮತದಲ್ಲಿ ಸೋತವರು ನ್ಯಾಯದಲ್ಲಿ ಗೆದ್ದರು.

ನಮ್ಮವರೇ ಮುರಿದ ಮಾತು

ಇಲ್ಲಿಗೇ ಲೇಖನಿ ಕೆಳಗಿಟ್ಟರೆ ಅರ್ಧಸತ್ಯ ಹೇಳಿದಂತಾದೀತು. ಮನುಷ್ಯನ ಪಾಪಸ್ವಭಾವವನ್ನು ಅರಿತಿದ್ದ ಆ ಶಿಲ್ಪಿಗಳು ತಮ್ಮ ಪಾಪವನ್ನೇ ಆ ಕಟ್ಟಡದ ತಳಪಾಯದಲ್ಲಿ ಹೂತಿಟ್ಟರು. ಗುಲಾಮ ಎಂಬ ಪದ ಮೂಲ ಸಂವಿಧಾನದಲ್ಲಿ ಎಲ್ಲಿಯೂ ಬರುವುದಿಲ್ಲ. ಆದರೆ ಗುಲಾಮಗಿರಿ ಬರುತ್ತದೆ. ಪ್ರತಿನಿಧಿ ಸ್ಥಾನಗಳನ್ನು ಲೆಕ್ಕ ಹಾಕುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕು; ಮತ ಅವರಿಗಿಲ್ಲ, ಹೆಚ್ಚಿನ ಸ್ಥಾನಗಳು ಅವರ ಒಡೆಯರ ರಾಜ್ಯಗಳಿಗೆ. ಹೊರಗಿನಿಂದ ಗುಲಾಮರನ್ನು ತರುವುದನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸುವಂತಿಲ್ಲ. ಓಡಿಹೋದವರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕು. ಮ್ಯಾಡಿಸನ್, ವಾಷಿಂಗ್ಟನ್ ಇಬ್ಬರೂ ಗುಲಾಮರನ್ನು ಹೊಂದಿದ್ದವರು. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಕೈಕ ಕಥೋಲಿಕ, ಚಾರ್ಲ್ಸ್ ಕ್ಯಾರಲ್ ಕೂಡ ನೂರಾರು ಗುಲಾಮರ ಒಡೆಯರಾಗಿದ್ದರು.

ನೋವಿನಿಂದಲೇ ಮುಂದಿನ ಮಾತನ್ನು ಬರೆಯಬೇಕು. 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ ತೋಟಗಳಲ್ಲಿ ದುಡಿಯುತ್ತಿದ್ದ 272 ಮಂದಿ ಗುಲಾಮರನ್ನು ಲೂಸಿಯಾನಾದ ತೋಟದೊಡೆಯರಿಗೆ 1,15,000 ಡಾಲರಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಹಣದ ಒಂದು ಭಾಗ ಜಾರ್ಜ್‌ಟೌನ್ ಕಾಲೇಜಿನ ಸಾಲ ತೀರಿಸಲು ಹೋಯಿತು. ಮಾರಾಟವಾದವರಲ್ಲಿ ಇದೇ ಗುರುಗಳ ಕೈಯಿಂದ ದೀಕ್ಷಾಸ್ನಾನ ಪಡೆದವರಿದ್ದರು, ಹಸುಗೂಸುಗಳಿದ್ದವು. ಕುಟುಂಬಗಳನ್ನು ಬೇರ್ಪಡಿಸಬಾರದೆಂದು ರೋಮಿನ ಹಿರಿಯರು ವಿಧಿಸಿದ್ದ ಷರತ್ತೂ ಪೂರ್ಣವಾಗಿ ಪಾಲನೆಯಾಗಲಿಲ್ಲ. ಮರುವರ್ಷವೇ ಜಗದ್ಗುರು ಹದಿನಾರನೆಯ ಗ್ರೆಗೊರಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು.

ಇನ್ನೊಂದು ಹೆಸರು ರೋಜರ್ ಟೇನಿ. ಸರ್ವೋಚ್ಚ ನ್ಯಾಯಾಲಯದ ಪೀಠವೇರಿದ ಮೊದಲ ಕಥೋಲಿಕರು ಅವರು. ಧರ್ಮದ ಪರೀಕ್ಷೆಯನ್ನು ತೊಡೆದುಹಾಕಿದ ಸಂವಿಧಾನದಿಂದಾಗಿಯೇ ಅವರಿಗೆ ಆ ಪೀಠ ದೊರೆತಿತ್ತು. 1857ರ ಮಾರ್ಚ್ 6ರಂದು ಡ್ರೆಡ್ ಸ್ಕಾಟ್ ಎಂಬ ಕಪ್ಪು ಮನುಷ್ಯ ತನ್ನ ಬಿಡುಗಡೆಗಾಗಿ ಹೂಡಿದ್ದ ಮೊಕದ್ದಮೆಯಲ್ಲಿ ತೀರ್ಪಿತ್ತ ಮುಖ್ಯ ನ್ಯಾಯಮೂರ್ತಿ ಟೇನಿ, ಆಫ್ರಿಕನ್ ಮೂಲದವರು ಅಮೆರಿಕದ ಪೌರರಾಗಲು ಸಾಧ್ಯವೇ ಇಲ್ಲವೆಂದು ಸಾರಿದರು. ತಮ್ಮ ಸ್ವಂತ ಗುಲಾಮರನ್ನು ಅವರು ಹಿಂದೆಯೇ ಬಿಡುಗಡೆ ಮಾಡಿದ್ದರು. ಆದರೆ ನ್ಯಾಯಪೀಠದಲ್ಲಿ ಕುಳಿತು ಲಕ್ಷಾಂತರ ಜನರ ಸಂಕೋಲೆಯನ್ನು ಬಿಗಿಗೊಳಿಸಿದರು. ತಮ್ಮ ಸಮುದಾಯವನ್ನು ಕಾಪಾಡಿದ ಸಂವಿಧಾನದ ನೆರಳು ಮತ್ತೊಬ್ಬನ ಮೇಲೆ ಬೀಳದಂತೆ ತಡೆದವರು ನಮ್ಮವರೇ ಆಗಿದ್ದರು.

ಸಂವಿಧಾನದ ಅಂಕೆಗಳಾವುವೂ ಈ ಅನ್ಯಾಯವನ್ನು ಶಾಂತಿಯಿಂದ ನಿವಾರಿಸಲಿಲ್ಲ. 1861ರಿಂದ 1865ರವರೆಗೆ ಆರು ಲಕ್ಷಕ್ಕೂ ಹೆಚ್ಚು ಸೈನಿಕರ ಪ್ರಾಣವನ್ನು ನುಂಗಿದ ಅಂತರ್ಯುದ್ಧ ಬೇಕಾಯಿತು. ಆ ಬಳಿಕ ಬಂದ 13, 14 ಮತ್ತು 15ನೆಯ ತಿದ್ದುಪಡಿಗಳು ಗುಲಾಮಗಿರಿಯನ್ನು ರದ್ದುಪಡಿಸಿ, ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಒದಗಿಸಿ, ಜನಾಂಗದ ಕಾರಣಕ್ಕೆ ಮತದ ಹಕ್ಕನ್ನು ಕಸಿಯದಂತೆ ತಡೆದವು. ಮಹಿಳೆಯರ ಮತದ ಹಕ್ಕಿಗೆ 1920ರವರೆಗೆ ಕಾಯಬೇಕಾಯಿತು. ಶಾಲೆಗಳಲ್ಲಿ ಬಣ್ಣದ ಆಧಾರದ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 1954ರ ಮೇ 17ರಂದು. ಸಂವಿಧಾನವನ್ನು ತಿದ್ದಲು ಎರಡೂ ಸದನಗಳ ಮೂರನೆಯ ಎರಡು ಭಾಗ, ರಾಜ್ಯಗಳ ನಾಲ್ಕನೆಯ ಮೂರು ಭಾಗ ಒಪ್ಪಬೇಕು. 1787ರಿಂದೀಚೆಗೆ 27 ತಿದ್ದುಪಡಿಗಳಷ್ಟೇ ಆಗಿವೆ. ತಪ್ಪೊಪ್ಪಿಕೊಂಡು ತಿದ್ದಿಕೊಳ್ಳುವ ಬಾಗಿಲೊಂದನ್ನು, ಕಿರಿದಾಗಿಯಾದರೂ, ತೆರೆದಿಟ್ಟದ್ದು ಆ ಶಿಲ್ಪಿಗಳ ವಿವೇಕ. ಪಶ್ಚಾತ್ತಾಪದ ಸಂಸ್ಕಾರವನ್ನು ಬಲ್ಲ ನಮಗೆ ಅದರ ಬೆಲೆ ತಿಳಿಯುತ್ತದೆ. 2017ರ ಏಪ್ರಿಲ್ 18ರಂದು ಜಾರ್ಜ್‌ಟೌನಿನಲ್ಲಿ ಯೇಸುಸಭೆಯವರೂ ವಿಶ್ವವಿದ್ಯಾಲಯದವರೂ ಆ 272 ಮಂದಿಯ ವಂಶಜರ ಮುಂದೆ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಮಾರಾಟ ನಡೆದು 179 ವರ್ಷಗಳು ಕಳೆದಿದ್ದವು.

ಮಹಾಸಭೆಗೆ ತಲುಪಿದ ಅನುಭವ

ಅಮೆರಿಕದ ಈ ಅನುಭವ ನಿಧಾನವಾಗಿ ವಿಶ್ವ ಧರ್ಮಸಭೆಯನ್ನೂ ತಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರೋಮ್ ಧರ್ಮ ಮತ್ತು ರಾಜ್ಯಗಳ ಬೇರ್ಪಡೆಯನ್ನು ಸಂಶಯದಿಂದ ಕಂಡಿತ್ತು. ಸರ್ಕಾರದ ಆಶ್ರಯವಿಲ್ಲದೆಯೂ ಧರ್ಮಸಭೆ ಬೆಳೆಯಬಲ್ಲದು, ಬಲವಂತವಿಲ್ಲದ ವಿಶ್ವಾಸವೇ ನಿಜವಾದ ವಿಶ್ವಾಸ ಎಂದು ವಾದಿಸಿದ ಅಮೆರಿಕದ ಯೇಸುಸಭೆಯ ದೈವಶಾಸ್ತ್ರಜ್ಞ ಜಾನ್ ಕೋರ್ಟ್ನಿ ಮರ್ರೆ ಅವರನ್ನು 1950ರ ದಶಕದಲ್ಲಿ ಈ ವಿಷಯದ ಬಗ್ಗೆ ಬರೆಯದಂತೆ ತಡೆಯಲಾಯಿತು. ಅವರು ವಿಧೇಯರಾಗಿ ಮೌನ ತಾಳಿದರು. ಮುಂದೆ ಅದೇ ಮರ್ರೆಯವರು ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ತಜ್ಞರಾಗಿ ಕರೆಸಿಕೊಳ್ಳಲ್ಪಟ್ಟರು. 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಮಹಾಸಭೆ 70ರ ವಿರುದ್ಧ 2,308 ಮತಗಳಿಂದ ಅಂಗೀಕರಿಸಿತು. ಧಾರ್ಮಿಕ ಸ್ವಾತಂತ್ರ್ಯ ಕಥೋಲಿಕರಿಗಷ್ಟೇ ಸಲ್ಲುವ ಸವಲತ್ತಲ್ಲ, ಮನುಷ್ಯನ ಘನತೆಯಲ್ಲೇ ಬೇರೂರಿದ ಹಕ್ಕು, ಆದ್ದರಿಂದ ಎಲ್ಲರದೂ ಎಂಬುದು ಆ ಘೋಷಣೆಯ ಹೃದಯ. ಗುರುಮಠದಲ್ಲಿ ಈ ದಾಖಲೆಯನ್ನು ಓದುವಾಗ, ಫಿಲಡೆಲ್ಫಿಯಾದ ಸುಟ್ಟ ದೇವಾಲಯದಿಂದ ಅದರವರೆಗೆ ಒಂದು ದಾರಿಯುಂಟೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಮ್ಮ ನಾಡಿನ ನಂಟು

ಆ ದಾರಿಯ ಇನ್ನೊಂದು ಕವಲು ನಮ್ಮ ಕಡಲತೀರವನ್ನೂ ಮುಟ್ಟಿದೆ. ಭಾರತದ ಸಂವಿಧಾನ ರಚನಾಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗರಾಯರು ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿದರು. ಕಾಯಿದೆಯ ಔಚಿತ್ಯವನ್ನೇ ಅಳೆಯುವ ವಿಸ್ತಾರವಾದ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟರೆ ಅದು ಅವುಗಳ ಮೇಲೆ ಸಲ್ಲದ ಹೊರೆಯಾದೀತೆಂದು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಅದರ ಪ್ರಭಾವದಿಂದ ನಮ್ಮ 21ನೆಯ ವಿಧಿ, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನದ ಮೂಲಕವಲ್ಲದೆ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಲಾಗದು ಎಂಬ ರೂಪ ತಾಳಿತು. ಆ ಕಾರ್ಯವಿಧಾನ ನ್ಯಾಯಸಮ್ಮತವೂ ಆಗಿರಬೇಕು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ವಿಸ್ತರಿಸಿತು. ನಾವು ಅಧ್ಯಕ್ಷೀಯ ಪದ್ಧತಿಯನ್ನು ಬಿಟ್ಟು ಸಂಸದೀಯ ಪದ್ಧತಿಯನ್ನು ಆರಿಸಿಕೊಂಡೆವು. ಆದರೆ ಮೂಲಭೂತ ಹಕ್ಕುಗಳು ಮತ್ತು ನ್ಯಾಯಾಂಗದ ಪರಿಶೀಲನೆಯ ವಿಷಯದಲ್ಲಿ ಅಮೆರಿಕದ ಅನುಭವ ನಮಗೆ ಪಾಠವಾಯಿತು.

ಅದೇ ಸಭೆಯಲ್ಲಿ ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸದಸ್ಯರಾಗಿದ್ದರು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು ಬೇಡವೆಂಬ ತೀರ್ಮಾನವನ್ನು 1949ರಲ್ಲಿ ಸಭೆ ಕೈಗೊಂಡಾಗ ಅವರು ಅದನ್ನು ಬೆಂಬಲಿಸಿದರು. ಪ್ರತ್ಯೇಕ ಕೋಟೆಯೊಂದನ್ನು ಕೇಳುವ ಬದಲು, ಎಲ್ಲರನ್ನೂ ಕಾಯುವ ಹಕ್ಕುಗಳ ಮೇಲೆ ಭರವಸೆಯಿಟ್ಟ ನಡೆ ಅದು. ಎಷ್ಟೇ ಒಳ್ಳೆಯ ಸಂವಿಧಾನವಾದರೂ ಅದನ್ನು ನಡೆಸುವವರು ಕೆಟ್ಟವರಾದರೆ ಅದು ಕೆಟ್ಟದ್ದೇ ಆಗುವುದು ಎಂದು 1949ರ ನವೆಂಬರ್ 25ರಂದು ಡಾ. ಬಿ. ಆರ್. ಅಂಬೇಡ್ಕರ್ ಅದೇ ಸಭೆಗೆ ನೀಡಿದ ಎಚ್ಚರಿಕೆ ಫಿಲಡೆಲ್ಫಿಯಾದ ಕಥೆಗೂ ಒಪ್ಪುತ್ತದೆ.

ಹಾಗಾದರೆ ಆ ಕಥೆ ನಮ್ಮಿಂದ ಏನನ್ನು ಕೇಳುತ್ತದೆ? ಸಂಖ್ಯೆಯಲ್ಲಿ ಸಣ್ಣವರಾದ ನಮಗೆ ಸಂವಿಧಾನ ಒಂದು ಆಸರೆ. ಶಾಲೆಗೆ, ದೇವಾಲಯಕ್ಕೆ, ವಿಶ್ವಾಸಕ್ಕೆ ಕುತ್ತು ಬಂದಾಗ ನಾವು ಅದರ ವಿಧಿಗಳನ್ನು ಎತ್ತಿ ಹಿಡಿಯುತ್ತೇವೆ, ಹಿಡಿಯಲೇಬೇಕು. ಆದರೆ ನಮ್ಮ ಊರಿನಲ್ಲೇ ಬಾವಿಯ ನೀರಿಗೆ, ಸ್ಮಶಾನದ ಜಾಗಕ್ಕೆ, ದಿನಗೂಲಿಯ ನ್ಯಾಯಕ್ಕೆ ಮತ್ತೊಬ್ಬ ಅಂಗಲಾಚುವಾಗ ಅದೇ ವಿಧಿಗಳು ನಮಗೆ ನೆನಪಾಗುತ್ತವೆಯೆ? ನಮ್ಮ ಸಂಘಸಂಸ್ಥೆಗಳಲ್ಲಿ, ನಮ್ಮ ಧರ್ಮಕೇಂದ್ರಗಳ ಆಡಳಿತದಲ್ಲಿ, ಗುರುಗಳಾದ ನಮ್ಮ ಕೈಯಲ್ಲಿರುವ ಅಧಿಕಾರಕ್ಕೆ ಅಂಕೆಯುಂಟೆ? ಲೆಕ್ಕ ಕೇಳುವ ನಾತಾನನಿಗೆ ನಾವು ಕುರ್ಚಿ ಕೊಡುತ್ತೇವೆಯೋ, ಬಾಗಿಲು ತೋರಿಸುತ್ತೇವೆಯೋ?

ಟೇನಿಯವರು ಬಲಿಪೂಜೆಯನ್ನು ತಪ್ಪಿಸದ ಭಕ್ತರಾಗಿದ್ದರೆಂದು ಚರಿತ್ರೆ ಹೇಳುತ್ತದೆ. ಡ್ರೆಡ್ ಸ್ಕಾಟ್ ತಮ್ಮ ನ್ಯಾಯಾಲಯದ ಮುಂದೆ ಬಂದಾಗ ಆ ಭಕ್ತಿ ಅವರ ಕಣ್ಣು ತೆರೆಸಲಿಲ್ಲ. ನಮ್ಮ ಬಾಗಿಲಿಗೂ ಯಾವುದೋ ಒಂದು ದಿನ ಒಬ್ಬ ಸ್ಕಾಟ್ ಬಂದು ನಿಂತಾನು. ನಮಗಾಗಿ ನಾವು ಬೇಡಿದ ಹಕ್ಕನ್ನೇ ಅವನೂ ಬೇಡುವನು. ಅಂದು ನಾವು ಕೊಡುವ ಉತ್ತರವೇ ನಮ್ಮ ವಿಶ್ವಾಸಕ್ಕೂ ನಮ್ಮ ಪೌರತ್ವಕ್ಕೂ ಒರೆಗಲ್ಲಾಗುವುದು.